ಆಯಮ್ಮ ಸೋತ ದಿನ

ನಮ್ಮ ಶಿಶುವಿಹಾರದಲ್ಲಿ ಇದ್ದದ್ದು ಎರಡು ಕೋಣೆ, ಒಂದು ಅಡುಗೆಮನೆ, ಹದಿನೆಂಟು ಮಕ್ಕಳು, ನಾನು ಮತ್ತು ಆಯಮ್ಮ. ಮೂರು ವರ್ಷದವರಿಂದ ಹಿಡಿದು ಐದು ತುಂಬುವವರೆಗಿನವರು ಎಲ್ಲ ಒಟ್ಟಿಗೇ. ನಾನು ಟೀಚರ್ ಆಗಿ ಸೇರಿದಾಗ ಆಯಮ್ಮ ಅಲ್ಲಿ ಆಗಲೇ ಇಪ್ಪತ್ತನಾಲ್ಕು ವರ್ಷ ಕಳೆದಿದ್ದರು. ಮಕ್ಕಳ ಮನಸ್ಸು ಹೇಗೆ ಬೆಳೆಯುತ್ತದೆ ಅಂತ ಎರಡು ವರ್ಷ ಓದಿ ನಾನೊಂದು ಡಿಪ್ಲೊಮಾ ತೆಗೆದುಕೊಂಡಿದ್ದೆ. ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಆಯಮ್ಮ ದಿನಾ ಬೆಳಿಗ್ಗೆ ಅದರ ಗಾಜು ಒರೆಸುತ್ತಿದ್ದರು. ಆದರೆ ಅದರಲ್ಲಿ ಏನು ಬರೆದಿದೆ ಅಂತ ಒಂದು ದಿನವೂ ಕೇಳಲಿಲ್ಲ, ಅದು ನನಗೆ ಸ್ವಲ್ಪ ಚುಚ್ಚುತ್ತಿತ್ತು.

ಮೊದಲ ವಾರವೇ ನಮ್ಮಿಬ್ಬರಿಗೂ ಜಗಳ. ಹಾಲಿನ ಹೊತ್ತಿನಲ್ಲಿ ಒಂದು ಮಗು, ತನಗೆ ಒಂದೇ ಬಿಸ್ಕತ್ತು, ಪಕ್ಕದವನಿಗೆ ಎರಡು ಅಂತ ಗಂಟಲು ಹರಿಯುವಂತೆ ಅತ್ತಿತು. ಆಯಮ್ಮ ಅದರ ಕೈಯಲ್ಲಿದ್ದ ಬಿಸ್ಕತ್ತನ್ನೇ ತೆಗೆದುಕೊಂಡು, ಲಟಕ್ಕನೆ ಎರಡು ತುಂಡು ಮಾಡಿ ವಾಪಸ್ ಕೊಟ್ಟರು. ಮಗು ಕಣ್ಣೊರೆಸಿಕೊಂಡು ತೃಪ್ತಿಯಿಂದ ತಿನ್ನತೊಡಗಿತು.

"ಇದು ಮೋಸ ಆಯಮ್ಮ," ಅಂದೆ.

"ಮೋಸ ಯಾಕೆ ಟೀಚರಮ್ಮ? ಅದಕ್ಕೆ ಎರಡು ಬೇಕಿತ್ತು, ಎರಡು ಕೊಟ್ಟೆ."

"ಇರೋದು ಒಂದೇ ಅಲ್ವಾ?"

"ನಿಮ್ಮ ಕಣ್ಣಿಗೆ ಒಂದು, ಅದರ ಕಣ್ಣಿಗೆ ಎರಡು. ಇನ್ನೆರಡು ವರ್ಷ ಹೋಗ್ಲಿ, ಇದೇ ಮಗು ನನ್ನ ಕೈ ಹಿಡಿದು 'ಅಜ್ಜಿ, ಇದು ಒಂದೇ ಬಿಸ್ಕತ್ತು' ಅನ್ನತ್ತೆ. ಆವತ್ತು ಇನ್ನೊಂದು ಕೊಟ್ಟರಾಯ್ತು."

ಇದನ್ನೇ ನಾನು ಡಿಪ್ಲೊಮಾದಲ್ಲಿ ನಲವತ್ತು ಪುಟ ಓದಿ, ಪರೀಕ್ಷೆಯಲ್ಲಿ ಬರೆದು, ಆಮೇಲೆ ಮರೆತಿದ್ದೆ. ಉದ್ದನೆಯ ಲೋಟ ಕಂಡರೆ ಅದರಲ್ಲೇ ಹಾಲು ಜಾಸ್ತಿ ಅಂತ ಮಕ್ಕಳು ಕಿತ್ತಾಡುತ್ತವೆ ಎಂದು, ಹದಿನೆಂಟೂ ಒಂದೇ ಅಳತೆಯ ಲೋಟ ತರಿಸಿದವರೂ ಆಯಮ್ಮನೇ. ನಾನು ಸೋಲೊಪ್ಪಲಿಲ್ಲ. ಎರಡು ದಿನ ಮುಖ ಊದಿಸಿಕೊಂಡೇ ಓಡಾಡಿದೆ.

ಆಯಮ್ಮ ಇಲ್ಲಿಗೆ ಬರುವ ಮೊದಲು ಒಂದು ಇಸ್ತ್ರಿ ಅಂಗಡಿಯಲ್ಲಿದ್ದವರು. ಬೆಳಿಗ್ಗೆ ಏಳರಿಂದ ಸಂಜೆವರೆಗೆ ನಿಂತೇ ಮಾಡುವ ಕೆಲಸ. ಆ ಕೈ ಅಭ್ಯಾಸ ಇಲ್ಲೂ ಹೋಗಿರಲಿಲ್ಲ. ನಮ್ಮ ಮಕ್ಕಳ ಹಾಸಿಗೆಯ ಬಟ್ಟೆಗಳನ್ನು ಅವರು ಮಡಿಸಿಟ್ಟರೆ ಅಂಚಿಗೆ ಅಂಚು ಸರಿಯಾಗಿ ಕೂತಿರುತ್ತಿತ್ತು. ಅವರಿಗೆ ಒಬ್ಬನೇ ಮಗ. ಅವನನ್ನು ನೋಡಿಕೊಂಡದ್ದು ಅವರ ಅತ್ತೆ.

"ನನ್ನ ಮಗ ಮೂರು ವರ್ಷದವನಿದ್ದಾಗ ಏನೇನು ಕೇಳ್ತಿದ್ದ, ಹೆಂಗೆ ಯೋಚನೆ ಮಾಡ್ತಿದ್ದ, ಒಂದೂ ನನಗೆ ಗೊತ್ತಿಲ್ಲ," ಅಂತ ಒಮ್ಮೆ ಬಟ್ಟೆ ಮಡಿಸುತ್ತಾ ಹೇಳಿದರು. "ಒಂದಿನ ನೋಡ್ತೀನಿ, ಹುಡುಗ ಬ್ಯಾಗ್ ಹಾಕ್ಕೊಂಡು ಸ್ಕೂಲಿಗೆ ಹೊರಟು ನಿಂತಿದಾನೆ. ನನಗೆ ಅಳುನೇ ಬಂದುಬಿಡ್ತು. ಇಲ್ಲಿ ಆಯಾ ಬೇಕಂತೆ ಅಂತ ಯಾರೋ ಹೇಳಿದ ದಿನವೇ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟೆ. ಅಲ್ಲಿ ಕೊಡ್ತಿದ್ದಿದ್ದಕ್ಕಿಂತ ಇಲ್ಲಿ ಕಡಿಮೆ. ಇರ್ಲಿ ಬಿಡಿ, ನೋಡೋಕೆ ಸಿಗ್ತು."

ಆ ಮಗ ಈಗ ಎಲೆಕ್ಟ್ರಿಷಿಯನ್. ಹೆಂಡತಿಯೊಂದಿಗೆ ತಾಯಿಯ ಜೊತೆಯಲ್ಲೇ ಇದ್ದಾನೆ, ನಮ್ಮ ಫ್ಯಾನು ಕೆಟ್ಟರೆ ಬಂದು ರಿಪೇರಿ ಮಾಡಿ ಹೋಗುತ್ತಾನೆ. ಅವನು ಏಣಿ ಹತ್ತಿದಾಗಲೆಲ್ಲ ಆಯಮ್ಮ ಕೆಳಗೆ ನಿಂತು ಹದಿನೆಂಟು ಮಕ್ಕಳಿಗೂ "ಇವನು ನನ್ನ ಪಾಪು" ಅಂತ ಪರಿಚಯ ಮಾಡಿಸುತ್ತಿದ್ದರು. ಮೀಸೆ ಹೊತ್ತ ಪಾಪು ನಾಚಿಕೊಂಡು ಸ್ಕ್ರೂ ಬೀಳಿಸುತ್ತಿತ್ತು.

ಊಟ ಮುಗಿದು ಮಕ್ಕಳು ಮಲಗುವ ಮೊದಲು ದಿನಾ ಕಣ್ಣಾಮುಚ್ಚಾಲೆ ಆಟ. ಇದು ಆಯಮ್ಮ ಹಾಕಿದ ಪದ್ಧತಿ. ಕಿಟಕಿಯ ಕೆಳಗೆ ಒಂದು ಬೆಂಚು, ಅದರ ಮೇಲೆ ನೆಲ ಮುಟ್ಟುವ ಹಾಗೆ ಒಂದು ಹಳೆಯ ಕಂಬಳಿ. ಅಲ್ಲಿ ಕೂತು, ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು, ಇಪ್ಪತ್ತರವರೆಗೆ ಎಣಿಸುತ್ತಿದ್ದರು. ಆಮೇಲೆ ಎದ್ದು, "ಅಯ್ಯೋ ದೇವರೇ, ಎಲ್ಲಿ ಹೋದವು ನನ್ನ ಮಕ್ಕಳು! ಯಾರಪ್ಪಾ ಎತ್ತಿಕೊಂಡು ಹೋದ್ರು!" ಅಂತ ಎದೆ ಬಡಿದುಕೊಂಡು ಹುಡುಕುತ್ತಿದ್ದರು. ಹೊಸಬರು ಯಾರಾದರೂ ನೋಡಿದ್ದರೆ ಪೊಲೀಸರಿಗೆ ಫೋನ್ ಮಾಡುತ್ತಿದ್ದರೇನೋ.

ಮಕ್ಕಳಿಗೆ ಅದು ಆಟ, ಆಯಮ್ಮನಿಗೆ ಅದೇ ಪರೀಕ್ಷೆ. ಮೂರು ವರ್ಷದ ಪುಟ್ಟು ಅಡಗುತ್ತಿದ್ದದ್ದು ಕೋಣೆಯ ನಟ್ಟನಡುವೆ. ಎರಡು ಅಂಗೈಯಿಂದ ಕಣ್ಣು ಮುಚ್ಚಿಕೊಂಡರೆ ಮುಗಿಯಿತು, ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಲೆಕ್ಕ. "ಪುಟ್ಟು ಎಲ್ಲಿ?" ಅಂದರೆ "ಇಲ್ಲಿಲ್ಲ!" ಅಂತ ಉತ್ತರ ಬೇರೆ ಕೊಡುತ್ತಿದ್ದ. ಅವನಿಗಿಂತ ಅರ್ಧ ವರ್ಷ ದೊಡ್ಡವು ಹಾಸಿಗೆಯ ರಾಶಿಯೊಳಗೆ ತಲೆ ತೂರಿಸಿ, ಹಿಂಭಾಗವನ್ನು ಊರಿಗೆಲ್ಲ ಕಾಣುವಂತೆ ಬಿಡುತ್ತಿದ್ದವು. ನಾಲ್ಕು ದಾಟಿದವು, ನಿನ್ನೆ ಯಾರೋ ಸಿಕ್ಕಿಬಿದ್ದ ಜಾಗದಲ್ಲೇ ಇವತ್ತು ಹೋಗಿ ಕೂರುತ್ತಿದ್ದವು. ಅಲ್ಲಿ ಅಡಗುವ ಜಾಗ ಇದೆ ಅಂತ ಅವಕ್ಕೆ ಗೊತ್ತು, ಅದು ಅಜ್ಜಿಗೂ ಗೊತ್ತು ಅನ್ನುವುದು ಗೊತ್ತಿಲ್ಲ. ಇದೆಲ್ಲ ದಾಟಿ ಒಂದು ದಿನ ಮಗು ನಿಜವಾಗಿ ಅಡಗುತ್ತದೆ.

"ನನಗೆ ಕಾಣೋದು ಬೇರೆ, ಅಜ್ಜಿಗೆ ಕಾಣೋದು ಬೇರೆ ಅಂತ ಅದಕ್ಕೆ ಹೊಳೆದ ದಿನ ಅದು," ಅನ್ನುತ್ತಿದ್ದರು ಆಯಮ್ಮ. ಆವತ್ತು ನನ್ನ ಹತ್ತಿರ ಬಂದು, "ಇದು ದೊಡ್ಡ ಸ್ಕೂಲಿಗೆ ಹೊರಡೋಕೆ ತಯಾರಾಯ್ತು ಟೀಚರಮ್ಮ," ಅಂತ ಕಿವಿಯಲ್ಲಿ ಹೇಳುತ್ತಿದ್ದರು. ಪ್ರತಿ ಮಗುವಿನ ಪ್ರಗತಿ ಬರೆಯಲು ನನ್ನ ಹತ್ತಿರ ಮೂವತ್ತೆರಡು ಅಂಕಣಗಳ ಪುಸ್ತಕವಿತ್ತು. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ, ಆ ಪುಸ್ತಕ ತಪ್ಪಿದ್ದುಂಟು, ಆಯಮ್ಮ ತಪ್ಪಿದ್ದು ನಾನು ಕಾಣೆ. ಮೂರನೇ ವರ್ಷದ ಹೊತ್ತಿಗೆ ನಾನು ಅವರನ್ನು ಕೇಳಿಯೇ ಅಂಕಣಗಳನ್ನು ತುಂಬುತ್ತಿದ್ದೆ.

ಆ ವರ್ಷದ ಮಕ್ಕಳಲ್ಲಿ ಗುಬ್ಬಿ ಅನ್ನುವ ಹುಡುಗಿ ಇದ್ದಳು. ಐದಕ್ಕೆ ಇನ್ನು ನಾಲ್ಕೇ ತಿಂಗಳು. ಕೆಂಪು ಬೂಟು, ಬಾಯಿ ಬೊಂಬಾಯಿ. ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುತ್ತಿರಲಿಲ್ಲ. "ಅಜ್ಜಿ, ನಾನು ಪರದೆ ಹಿಂದೆ ಅಡಗ್ಕೊಳ್ತೀನಿ, ನೀವು ಅಲ್ಲಿ ನೋಡ್ಬೇಡಿ, ಆಯ್ತಾ?" ಅಂತ ಮೊದಲೇ ಹೇಳಿ ಹೋಗುತ್ತಿದ್ದಳು. ಎರಡು ಕೋಣೆಯ ನಡುವಿನ ಆ ಹಸಿರು ಪರದೆ ನೆಲದಿಂದ ಒಂದು ಗೇಣು ಮೇಲಿತ್ತು. ಏಳು ತಿಂಗಳು ಅದೇ ಪರದೆ, ಅದರ ಕೆಳಗೆ ಅದೇ ಕೆಂಪು ಬೂಟು. ಆಯಮ್ಮ ಏಳು ತಿಂಗಳೂ ಆ ಬೂಟಿನ ಮುಂದೆಯೇ ಓಡಾಡಿ, ಕಾಣದವರಂತೆ ನಟಿಸಿ, ಎಲ್ಲರಿಗಿಂತ ಕೊನೆಗೆ ಅವಳನ್ನು ಹಿಡಿಯುತ್ತಿದ್ದರು. ಅವಳ ತಾಯಿಗೆ ಚಿಂತೆ, ಮಗಳು ಹಿಂದೆ ಬಿದ್ದಳೇ ಅಂತ. ನನಗೂ ಸಣ್ಣ ಚಿಂತೆಯಿತ್ತು. ಆಯಮ್ಮ ಮಾತ್ರ, "ಬರತ್ತೆ ಬಿಡಿ, ಹಿಟ್ಟು ಹುಳಿ ಬರೋಕೆ ಬಿಡ್ಬೇಕು," ಅನ್ನುತ್ತಿದ್ದರು.

ಅಷ್ಟರಲ್ಲಿ ಆಯಮ್ಮನ ಮೇಲೆ ಒಂದು ದೂರು ಹೋಯಿತು. ಯಾರೋ ತಾಯಿ ಮಧ್ಯಾಹ್ನ ಮಗುವನ್ನು ಬೇಗ ಕರೆದುಕೊಂಡು ಹೋಗಲು ಬಂದವರು, ಮಕ್ಕಳೆಲ್ಲ ದಿಕ್ಕುದಿಕ್ಕಿಗೆ ಓಡುತ್ತಿರುವಾಗ ವಯಸ್ಸಾದ ಆಯಾ ಕಣ್ಣು ಮುಚ್ಚಿಕೊಂಡು ಕೂತದ್ದನ್ನು ಕಂಡಿದ್ದರು. ಆಟ ಅಂತ ಕೇಳುವ ತಾಳ್ಮೆ ಅವರಿಗಿರಲಿಲ್ಲ. ನಮ್ಮ ಶಿಶುವಿಹಾರ ನಡೆಸುವ ಕಮಿಟಿಯ ಅಧ್ಯಕ್ಷರಿಂದ ನನಗೆ ಫೋನ್ ಬಂತು. ಆಯಾಗೆ ಅರವತ್ತು ದಾಟಿದೆ, ಮುಂದಿನ ತಿಂಗಳಿಂದ ಅವರನ್ನು ಅಡುಗೆಮನೆಗೆ ಹಾಕಿ ಮಕ್ಕಳ ಕೋಣೆಗೆ ಬೇರೆಯವರನ್ನು ತರೋಣ, ಒಮ್ಮೆ ಬಂದು ನೋಡಿ ಪತ್ರ ಕೊಟ್ಟು ಹೋಗುತ್ತೇನೆ, ಅಂದರು. ಸುದ್ದಿ ತಿಳಿಸಿದಾಗ ಆಯಮ್ಮ ಬಟ್ಟೆ ಮಡಿಸುವುದನ್ನು ನಿಲ್ಲಿಸಿದರು.

"ಅಡುಗೆಮನೆ ಕೆಲಸಕ್ಕೆ ನಾನು ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಅಲ್ಲಿಂದ ಮಕ್ಕಳು ಕಾಣಲ್ಲ ಟೀಚರಮ್ಮ," ಅಂದರು. ಮೊದಲ ವರ್ಷವಾಗಿದ್ದರೆ ನಾನೇ ಒಳಗೊಳಗೆ ಖುಷಿಪಡುತ್ತಿದ್ದೆ. ಈಗ ನನಗೆ ನನ್ನ ಕೈಯನ್ನೇ ಕತ್ತರಿಸಿಕೊಂಡು ಹೋಗುತ್ತಾರೇನೋ ಅನ್ನಿಸಿತು.

ಅಧ್ಯಕ್ಷರು ಬಂದದ್ದು ಸರಿಯಾಗಿ ಆಟದ ಹೊತ್ತಿಗೆ. ಜೀವನವಿಡೀ ಸೇತುವೆ ಕಟ್ಟಿಸಿ ನಿವೃತ್ತರಾದ ಎಂಜಿನಿಯರ್, ಆರಡಿ ಎತ್ತರದ ಮನುಷ್ಯ. ಅವರ ಕಾರು ಒಳಗೆ ಬರಲೆಂದು ನಾನೇ ಓಡಿಹೋಗಿ ಗೇಟು ತೆಗೆದೆ. ಒಳಗೆ ದೊಡ್ಡವರು ಕೂರುವ ಕುರ್ಚಿ ಇರಲಿಲ್ಲ. ಅವರು ಮಕ್ಕಳ ಕುರ್ಚಿಯಲ್ಲಿ ಕೂತರು, ಮಂಡಿ ಎರಡೂ ಕಿವಿಯ ಹತ್ತಿರ ಬಂದವು. ಜೇಬಿನಿಂದ ಪತ್ರದ ಲಕೋಟೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಆಯಮ್ಮ ಎಣಿಸಿ ಮುಗಿಸಿ ಎದ್ದಿದ್ದರು. ಎಂದಿನ ಹಾಗೆ ಎದೆ ಬಡಿದುಕೊಂಡು ಹುಡುಕಿ, ಒಂದೊಂದನ್ನೇ ಹಿಡಿದು ಚಾಪೆಯ ಮೇಲೆ ಕೂರಿಸಿದರು.

"ಎಲ್ಲಾ ಮಕ್ಕಳೂ ಇದಾರೇನಮ್ಮ?" ಅಂತ ಅಧ್ಯಕ್ಷರು ಗಂಭೀರವಾಗಿ ಕೇಳಿದರು.

ಆಯಮ್ಮ ಬಗ್ಗಿ ಪಿಸುಗುಟ್ಟಿದರು. "ಹದಿನೆಂಟೂ ಇವೆ ಸಾರ್. ಹದಿನಾರು ಸಿಕ್ಕಿವೆ. ಒಂದು ನಿಮ್ಮ ಮುಂದೇನೇ ಕಣ್ಣು ಮುಚ್ಕೊಂಡು ನಿಂತಿದೆ. ಇನ್ನೊಂದು ಅಗೋ, ಪರದೆ ಹಿಂದೆ, ಬೂಟು ಕಾಣ್ತಿದೆ ನೋಡಿ."

ಅಧ್ಯಕ್ಷರು ನೋಡಿದರು. ಪರದೆಯ ಕೆಳಗೆ ಕೆಂಪು ಬೂಟಿನ ಎರಡು ತುದಿ. ಆಯಮ್ಮ ಮೆತ್ತಗೆ ಹೋಗಿ, "ಸಿಕ್ಕಿದ್ಲು ಗುಬ್ಬಿ!" ಅಂತ ಪರದೆ ಸರಿಸಿದರು. ಅಲ್ಲಿ ಬೂಟು ಮಾತ್ರ ಇತ್ತು. ಪಕ್ಕಪಕ್ಕದಲ್ಲಿ, ತುದಿ ಹೊರಗೆ ಕಾಣುವಂತೆ, ಅಚ್ಚುಕಟ್ಟಾಗಿ ಜೋಡಿಸಿಟ್ಟ ಬೂಟು.

ಕಾರು ಒಳಗೆ ಬಂದ ಮೇಲೆ ನಾನು ಗೇಟಿನ ಚಿಲಕ ಹಾಕಿರಲಿಲ್ಲ. ಓಡಿದೆ. ಗೇಟು ಅರ್ಧ ತೆರೆದಿತ್ತು. ಬೀದಿಯಲ್ಲಿ ಲಾರಿಯೊಂದು ಹಾದು ಹೋಯಿತು, ಅದರ ಹಿಂದೆ ಎರಡು ಸ್ಕೂಟರು. ಎದುರಿನ ಸೈಕಲ್ ರಿಪೇರಿಯವರನ್ನು ಕೇಳಿದೆ, ಯಾವ ಮಗುವೂ ಹೊರಗೆ ಬಂದದ್ದನ್ನು ಕಾಣಲಿಲ್ಲ ಅಂದರು. ಅವರು ಚಕ್ರಕ್ಕೆ ತಲೆ ಬಗ್ಗಿಸಿಕೊಂಡೇ ಇದ್ದವರು, ಅವರ ಮಾತನ್ನು ಹೇಗೆ ನಂಬಲಿ? ಮೂಲೆಯವರೆಗೆ ಓಡಿ, ಎರಡೂ ಕಡೆ ಕೂಗಿ ವಾಪಸ್ ಬಂದೆ.

ಒಳಗೆ ಆಯಮ್ಮ ಕೂಗುತ್ತಿದ್ದರು. "ಅಯ್ಯೋ ದೇವರೇ, ಎಲ್ಲಿ ಹೋಯ್ತು ನನ್ನ ಮಗು!" ದಿನಾ ಕೂಗುವ ಅದೇ ಮಾತು, ಆದರೆ ಈಗ ಅದು ನಟನೆಯಾಗಿರಲಿಲ್ಲ. ಚಾಪೆಯ ಮೇಲಿನ ಹದಿನಾರು ಮಕ್ಕಳೂ ಬಿದ್ದು ಬಿದ್ದು ನಗುತ್ತಿದ್ದವು. ಅಜ್ಜಿ ಇವತ್ತು ಇಷ್ಟು ಚೆನ್ನಾಗಿ ಮಾಡುತ್ತಿದ್ದಾರಲ್ಲ ಅಂತ ಅವಕ್ಕೆ ಖುಷಿ. ಪುಟ್ಟು ಮಾತ್ರ ಕೋಣೆಯ ನಡುವೆ ಕಣ್ಣು ಮುಚ್ಚಿಕೊಂಡೇ ನಿಂತಿದ್ದ, ಅವನನ್ನು ಇನ್ನೂ ಯಾರೂ ಹಿಡಿದಿರಲಿಲ್ಲ. ಅಧ್ಯಕ್ಷರು ಏಳಲು ಹೋದರೆ ಕುರ್ಚಿಯೂ ಅವರ ಜೊತೆಗೇ ಎದ್ದಿತು.

"ಪೊಲೀಸಿಗೆ ಫೋನ್ ಮಾಡಿ!" ಅಂದರು ಅವರು, ಕುರ್ಚಿ ಕಿತ್ತುಕೊಳ್ಳುತ್ತಾ.

"ಒಂದು ನಿಮಿಷ ಸಾರ್," ಅಂದರು ಆಯಮ್ಮ. ಕೈಯಲ್ಲಿ ಆ ಬೂಟು ಇತ್ತು. ಅದನ್ನೇ ತಿರುಗಿಸಿ ನೋಡಿದರು. "ಬೀದಿಗೆ ಹೋಗೋ ಮಗು ಬೂಟು ಹಾಕ್ಕೊಂಡು ಹೋಗತ್ತೆ. ಇದನ್ನ ಬಿಚ್ಚಿ, ತುದಿ ಹೊರಗೆ ಕಾಣೋ ಹಾಗೆ ಇಟ್ಟಿದಾಳೆ. ನನಗೆ ಕಾಣ್ಲಿ ಅಂತಾನೇ ಇಟ್ಟಿದಾಳೆ ಟೀಚರಮ್ಮ. ಬೂಟು ಕಂಡ್ರೆ ನಾನು ಏನಂದ್ಕೊಳ್ತೀನಿ ಅಂತ ಅವಳಿಗೆ ಗೊತ್ತು."

"ಹಾಗಾದ್ರೆ ಕೂಗಿದ್ರೆ ಯಾಕೆ ಬರಲ್ಲ?" ನನಗೆ ಅಳು ಬಂದಿತ್ತು.

"ನಾನು ದಿನಾ ಹೀಗೇ ಕೂಗ್ತೀನಲ್ಲ. ಇವತ್ತಿನ ಕೂಗು ನಿಜ ಅಂತ ಅದಕ್ಕೆ ಹೆಂಗೆ ಗೊತ್ತಾಗ್ಬೇಕು?"

ಅವರು ಬೆಂಚಿನ ಮೇಲೆ ಕುಸಿದು ಕೂತರು. ಬೂಟನ್ನು ಮಡಿಲಲ್ಲಿಟ್ಟುಕೊಂಡು, ಕೂಗದೆ, ಪಕ್ಕದಲ್ಲಿ ಕೂತವರ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದರು. "ಗುಬ್ಬಿ, ಈ ಸಲ ಇದು ಆಟ ಅಲ್ಲ ಕಂದ. ಅಜ್ಜಿಗೆ ನಿಜವಾಗ್ಲೂ ಗೊತ್ತಾಗ್ಲಿಲ್ಲ. ಅಜ್ಜಿಗೆ ಭಯ ಆಗ್ತಿದೆ. ನೀನು ಗೆದ್ದೆ, ನಾನು ಸೋತೆ."

ಇಪ್ಪತ್ತೇಳು ವರ್ಷದಲ್ಲಿ ಅವರು ಆ ಮಾತನ್ನು ಯಾವ ಮಗುವಿಗೂ ಹೇಳಿರಲಿಲ್ಲ. ಬೆಂಚಿನ ಕೆಳಗೆ ಕಂಬಳಿ ಅಲ್ಲಾಡಿತು. ಒಂದು ಪುಟ್ಟ ಕೈ ಹೊರಗೆ ಬಂದು ಆಯಮ್ಮನ ಕಾಲನ್ನು ಹಿಡಿದುಕೊಂಡಿತು.

ಬಗಲಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದು ಅಂದರೆ ಇದೇ. ಆಯಮ್ಮ ಕಣ್ಣು ಮುಚ್ಚಿ ಎಣಿಸುವಾಗ ಗುಬ್ಬಿ ಅವರ ಕೆಳಗೇ ತೂರಿಕೊಂಡಿದ್ದಳು. ಹೋದ ಜೀವ ಬಂದ ಹಾಗಾಯಿತು, ಇಷ್ಟು ಹೆದರಿಸಿದಳಲ್ಲ ಅನ್ನುವ ಸಿಟ್ಟಿನಲ್ಲಿ ನಾನು ಅವಳನ್ನು ಎಳೆದು ಎರಡು ಮಾತು ಬೈಯಲು ಹೊರಟೆ. ಆಯಮ್ಮ ಅಡ್ಡ ಬಂದರು. "ಬೈಬೇಡಿ. ಮಗು ಸರಿಯಾಗೇ ಆಡಿದೆ."

"ಅಲ್ಲೇ ಯಾಕೆ ಅಡಗಿದೆ ಪುಟ್ಟಿ?" ಅಂತ ಅಧ್ಯಕ್ಷರು ಕೇಳಿದರು, ಹಣೆಯ ಬೆವರು ಒರೆಸಿಕೊಳ್ಳುತ್ತಾ.

"ಅಜ್ಜಿ ಎದ್ದುಹೋಗಿ ಎಲ್ಲಾ ಕಡೆ ನೋಡ್ತಾರೆ. ಬೆಂಚಿನ ಕೆಳಗೆ ಮಾತ್ರ ನೋಡಲ್ಲ. ಯಾಕಂದ್ರೆ ಅಲ್ಲಿ ಅವರೇ ಕೂತಿರ್ತಾರಲ್ಲ!"

ಅಧ್ಯಕ್ಷರಿಗೆ ನಗು ಬಂತು, ಆದರೆ ನುಂಗಿಕೊಂಡರು. "ಹದಿನೆಂಟು ಅಂದ್ರಲ್ಲಮ್ಮ ನೀವು," ಅಂದರು ಆಯಮ್ಮನಿಗೆ.

"ತಪ್ಪು ನನ್ನದೇ ಸಾರ್. ಹದಿನೇಳು ತಲೆ, ಒಂದು ಜೊತೆ ಬೂಟು. ಬೂಟನ್ನೇ ಮಗು ಅಂದ್ಕೊಂಡೆ. ಚಾಪೆ ಕೆಳಗೆ ತೂರೋ ಮಕ್ಕಳನ್ನ ನೋಡಿ ನೋಡಿ, ರಂಗೋಲಿ ಕೆಳಗೆ ತೂರೋದು ಬಂದಾಗ ಗೊತ್ತೇ ಆಗ್ಲಿಲ್ಲ."

"ಗೇಟಿನ ಚಿಲಕ ಹಾಕದೆ ಬಿಟ್ಟವಳು ನಾನು ಸಾರ್," ಅಂದೆ. ಅದನ್ನು ಹೇಳಲು ನನಗೆ ಎಷ್ಟು ಕಷ್ಟವಾಯಿತೆಂದು ನನಗೇ ಗೊತ್ತು.

ಅಧ್ಯಕ್ಷರು ಮತ್ತೆ ಅದೇ ಕುರ್ಚಿಯಲ್ಲಿ ಕೂತು ಲಕೋಟೆಯನ್ನು ಕೈಯಲ್ಲಿ ತಿರುಗಿಸಿದರು. "ಒಂದು ಕೆಲಸ ಮಾಡಿ. ಈ ಆಟ ನಿಲ್ಲಿಸಿಬಿಡಿ. ಆಟ ಬೇಡ, ನೀವು ಇಲ್ಲೇ ಇರಿ."

ನಾನು ಉಸಿರು ಬಿಟ್ಟೆ, ಬದುಕಿದೆವು ಅಂತ. ಆಯಮ್ಮ ಮಾತ್ರ ತಲೆ ಅಲ್ಲಾಡಿಸಿದರು. "ಇಲ್ಲ ಸಾರ್. ಈ ಮಗುವಿಗೆ ಇವತ್ತು ಏನಾಯ್ತು ಅಂತ ನೀವೇ ನೋಡಿದ್ರಿ. ನಿನ್ನೆವರೆಗೂ ಎಲ್ಲಿ ಅಡಗ್ತೀನಿ ಅಂತ ನನಗೇ ಹೇಳಿ ಹೋಗ್ತಿತ್ತು. ಇವತ್ತು ನನ್ನ ತಲೆಯೊಳಗೆ ಏನಿದೆ ಅಂತ ನೋಡಿ, ನನಗೇ ಚಳ್ಳೆಹಣ್ಣು ತಿನ್ನಿಸ್ತು. ಇದನ್ನ ನೋಡೋಕೇ ನಾನು ಇರೋದು. ಆಟ ನಿಲ್ಸೋದಾದ್ರೆ ನನ್ನ ಅಡುಗೆಮನೆಗೇ ಹಾಕಿ."

ನನಗೆ ಅವರ ಬಾಯಿ ಮುಚ್ಚಿಸಬೇಕು ಅನ್ನಿಸಿತು. ಅಷ್ಟರಲ್ಲಿ ಗುಬ್ಬಿ, ಬೂಟಿಲ್ಲದ ಕಾಲಲ್ಲಿ ನಿಂತು ಏನೋ ಯೋಚಿಸುತ್ತಿದ್ದವಳು, ಆಯಮ್ಮನ ಕೈ ಜಗ್ಗಿದಳು.

"ಅಜ್ಜಿ, ಇವತ್ತು ನಿಮಗೆ ನಿಜವಾಗ್ಲೂ ಗೊತ್ತಿರ್ಲಿಲ್ವಾ?"

"ಇಲ್ಲ ಕಂದ."

"ಹಾಗಾದ್ರೆ ಮುಂಚೆ ಎಲ್ಲಾ ಗೊತ್ತಿತ್ತಾ? ನಾನು ಪರದೆ ಹಿಂದೆ ಇದ್ದಾಗೆಲ್ಲಾ?"

ಆಯಮ್ಮ ಸಿಕ್ಕಿಬಿದ್ದರು. ಅವರ ಮುಖ ನೋಡಿ ನನಗೆ ಪಾಪ ಅನ್ನಿಸಿತು. ಇಷ್ಟು ವರ್ಷ ಹೀಗೆ ಯಾರೂ ಕೇಳಿರಲಿಲ್ಲ. "ಗೊತ್ತಿತ್ತು," ಅಂದರು ಕೊನೆಗೆ, ಮೆಲ್ಲನೆ.

ಅವಳು ಅಳುತ್ತಾಳೆ ಅಂದುಕೊಂಡೆ. ಗುಬ್ಬಿ ಅಳಲಿಲ್ಲ. ತಿರುಗಿ, ಕಣ್ಣು ಮುಚ್ಚಿಕೊಂಡು ನಿಂತಿದ್ದ ಪುಟ್ಟುವನ್ನು ನೋಡಿದಳು. ಆಮೇಲೆ ಆಯಮ್ಮನ ಕಿವಿಗೆ ಬಾಯಿಟ್ಟು, ಕೋಣೆಗೆಲ್ಲ ಕೇಳುವಂತೆ ಪಿಸುಗುಟ್ಟಿದಳು. "ಪುಟ್ಟುಗೆ ಹೇಳ್ಬೇಡಿ ಅಜ್ಜಿ. ಅವನಿನ್ನೂ ಚಿಕ್ಕವನು. ಅವನು ಕಾಣಲ್ಲ ಅಂದ್ಕೊಂಡಿದಾನೆ."

ಹೇಳಿದವಳೇ ಪುಟ್ಟುವಿನ ಸುತ್ತ ಒಂದು ಸುತ್ತು ಹಾಕಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ಪುಟ್ಟು ಎಲ್ಲಿ ಹೋದ? ಎಲ್ಲೂ ಕಾಣ್ತಾನೇ ಇಲ್ವಲ್ಲ!" ಅಂತ ಕೂಗಿದಳು. ಪುಟ್ಟು ಅಂಗೈ ಹಿಂದೆ ಕಿಸಕ್ಕನೆ ನಕ್ಕ. ಆಯಮ್ಮ ಅಳುತ್ತಿದ್ದರು, ದುಃಖದ ಅಳು ಅಲ್ಲ ಅದು.

ಗುಬ್ಬಿ ಅಧ್ಯಕ್ಷರ ಮುಂದೆ ಹೋಗಿ ನಿಂತಳು. "ತಾತ, ನೀವು ನಮ್ಮ ಪುಟ್ಟೂನ ನೋಡಿದ್ರಾ?"

ಪುಟ್ಟು ಅವರ ಮಂಡಿಯಿಂದ ಒಂದು ಮೊಳ ದೂರದಲ್ಲಿದ್ದ. ಅಧ್ಯಕ್ಷರು ಅವನನ್ನು ನೋಡಿದರು, ಗುಬ್ಬಿಯನ್ನು ನೋಡಿದರು. ಆಮೇಲೆ ಆ ದೊಡ್ಡ ಮನುಷ್ಯ ಕುರ್ಚಿಯಿಂದ ಬಗ್ಗಿ ಮೇಜಿನ ಕೆಳಗೆ ಇಣುಕಿದರು, ಪತ್ರದ ಲಕೋಟೆ ಎತ್ತಿ ಅದರೊಳಗೂ ನೋಡಿದರು. "ಇಲ್ಲಮ್ಮ, ನನಗೂ ಎಲ್ಲೂ ಕಾಣ್ತಿಲ್ಲ," ಅಂದರು.

ಹೋಗುವಾಗ ಲಕೋಟೆ ಅವರ ಜೇಬಿಗೇ ವಾಪಸ್ ಹೋಯಿತು. ಆಟಕ್ಕೆ ಮೊದಲು ಮತ್ತು ಆಮೇಲೆ ತಲೆ ಮುಟ್ಟಿ ಎಣಿಸಬೇಕು, ಗೇಟಿನ ಚಿಲಕದ ಜವಾಬ್ದಾರಿ ನನ್ನದು, ಅಡುಗೆಮನೆಗೆ ಬೇರೆ ಯಾರನ್ನಾದರೂ ನೋಡೋಣ, ಅಂತ ಬಾಗಿಲಲ್ಲಿ ನಿಂತು ಹೇಳಿದರು. ನಾನು ಹಿಂದೆಯೇ ಹೋಗಿ ಚಿಲಕ ಹಾಕಿ, ಎರಡು ಸಲ ಎಳೆದು ನೋಡಿ ಬಂದೆ.

ಒಳಗೆ ಮಕ್ಕಳು ಮಲಗಿದ್ದವು. ಆಯಮ್ಮ ಗುಬ್ಬಿಗೆ ಹೊದಿಸಿ, ಬೂಟನ್ನು ಹಾಸಿಗೆಯ ಪಕ್ಕ ಇಟ್ಟು, ನನ್ನ ಹತ್ತಿರ ಬಂದರು. "ಇದು ಹೊರಡೋಕೆ ತಯಾರಾಯ್ತು," ಅಂದರು. ಆಮೇಲೆ ಮೂಲೆಯ ಹಾಸಿಗೆಯಲ್ಲಿ ಬಾಯಿ ತೆರೆದು ಮಲಗಿದ್ದ ಪುಟ್ಟುವನ್ನು ನೋಡಿದರು, ಅವರ ಮುಖವೆಲ್ಲ ಅರಳಿತು.

"ಇವನಿಗೆ ಇನ್ನೂ ಎರಡು ವರ್ಷ ಬೇಕು ಟೀಚರಮ್ಮ. ನಾನು ನೋಡ್ತೀನಿ."